ದುರ್ಗದ ಬಯಲಿನಲ್ಲಿ ಕಡವಿನಹಟ್ಟಿ ಮನೆ

ದುರ್ಗದ ಸಂತೆಯಿಂದ ವಾಪಸು ಬಂದ ಎತ್ತಪ್ಪ, ಗಾಡಿಯ ನೊಗ ಇಳಿಸುವ ಮೊದಲೇ ಚಿತ್ರಲಿಂಗಪ್ಪನ ಬಾಗಿಲಿಗೆ ಬಂದು ಸುದ್ದಿ ಹೇಳಿದ.

"ನಿನ್ನ ತಮ್ಮ ಸಿಕ್ಕಿದ ಕಣಪ್ಪ. ದುರ್ಗದಾಗೆ ಐದಾನೆ. ನಿಮ್ಮ ಮನೇಲೇ ಕುಂತು ಕಂಬಳಿ ನೇಯ್ತಾನೆ."

"ನಮ್ಮ ಮನೆ ಇಲ್ಲೈತಲ್ಲೋ," ಎಂದ ಚಿತ್ರಲಿಂಗಪ್ಪ.

"ಇದಲ್ಲ. ಕಡವಿನಹಟ್ಟಿ ಮನೆ. ಅದೇ ಬಾಗ್ಲು, ಅದೇ ಕಂಬ. ಯಾರೋ ಸಾಹೇಬ್ರು ಕೋಟೆ ಕೆಳಗಿನ ಬಯಲಾಗೆ ಎತ್ತಿ ನಿಲ್ಲಿಸಿದಾರೆ. ಎಕ್ಜಿಬಿಷನ್ ಅಂತೆ. ಜನ ಗುಂಪು ಕಟ್ಕೊಂಡು ಹೋಗಿ ನೋಡ್ತಾರೆ."

ಒಳಗೆ ಮುದ್ದೆ ತಿರುವುತ್ತಿದ್ದ ಚಿತ್ರಲಿಂಗಪ್ಪನ ಹೆಂಡತಿ ಗಿರಿಯಮ್ಮನಿಗೆ ಈ ಮಾತೆಲ್ಲ ಕೇಳಿಸಿತು. ಅವಳು ಕೋಲು ನಿಲ್ಲಿಸಲಿಲ್ಲ. ಮುದ್ದೆ ಬೆಂದಿತ್ತು, ಇಳಿಸಿದಳು, ಕಟ್ಟಿದಳು, ಮುಚ್ಚಿಟ್ಟಳು.

ಕಡವಿನಹಟ್ಟಿ ಈಗ ನೀರಿನಡಿ ಇತ್ತು. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಎದ್ದು, ನೀರು ಹಿಂದಕ್ಕೆ ಒತ್ತುತ್ತಾ ಬಂದಾಗ ಹೊಳೆದಂಡೆಯ ಹಟ್ಟಿಗಳನ್ನೆಲ್ಲ ಖಾಲಿ ಮಾಡಿಸಿದ್ದರು. ಇವರು ಮತ್ತೋಡಿನ ಆಚೆ, ಸರ್ಕಾರದವರು ತೋರಿಸಿದ ದಿಬ್ಬದ ಮೇಲೆ ಹೊಸ ಮನೆ ಹಾಕಿಕೊಂಡರು. ಹಳೆಯ ಮನೆಯ ತೇಗದ ಕಂಬ, ತೊಲೆ, ಬಾಗಿಲುವಾಡ ಎಲ್ಲವನ್ನೂ ಹೇರಿಕೊಂಡು ಬರಲು ಗಾಡಿ ಸಾಲದೆ, ಚಿತ್ರಲಿಂಗಪ್ಪ ಅವನ್ನು ಮರದ ಕಂಟ್ರಾಕ್ಟರನಿಗೆ ಬಿಟ್ಟುಕೊಟ್ಟಿದ್ದ. ಆಮೇಲೆ ಅವು ಯಾರ ಕೈಗೆ ಹೋದವೋ ಅವನು ವಿಚಾರಿಸಿರಲಿಲ್ಲ.

ಹೊಸ ಜಾಗದ ಮೊದಲ ಮಳೆಗಾಲದಲ್ಲಿ ಚಳಿಜ್ವರ ಬಂತು. ತಮ್ಮ ಸಣ್ಣಪ್ಪನ ಹೆಂಡತಿ ಕಾಟಮ್ಮ ಅದರಲ್ಲಿ ಹೋದಳು. ಕಾಟಮ್ಮ ಗಿರಿಯಮ್ಮನ ಒಡಹುಟ್ಟಿದ ತಂಗಿ. ಅಕ್ಕತಂಗಿಯರನ್ನು ಅಣ್ಣತಮ್ಮಂದಿರಿಗೆ ಒಂದೇ ಚಪ್ಪರದಲ್ಲಿ ಕೊಟ್ಟಿದ್ದರು. ತಿಥಿ ಮುಗಿದ ಮೇಲೆ ಸಣ್ಣಪ್ಪ ಕುರಿ ಹೊಡೆದುಕೊಂಡು ಹಿರಿಯೂರಿನ ಕಡೆ ಹೋದವನು ಮನೆಗೆ ಬರಲೇ ಇಲ್ಲ. ಕುರಿಗಳನ್ನು ಮಾತ್ರ ಯಾರದೋ ಜೊತೆ ವಾಪಸು ಕಳಿಸಿದ್ದ.

ಗಿರಿಯಮ್ಮ ತಂಗಿಯ ಮಣ್ಣಿನ ದಿನ ಅಳಲಿಲ್ಲ. ಹಟ್ಟಿಯ ಹೆಂಗಸರು "ಅತ್ತುಬಿಡೇ, ಎದೆ ಒಡೆದುಹೋಗ್ತೈತೆ" ಎಂದು ಬೆನ್ನು ಗುದ್ದಿದರು. ಅವಳು ಸುಮ್ಮನೆ ಗುದ್ದಿಸಿಕೊಂಡಳು. ಕಾಲಿಗೆ ಜೋಮು ಹಿಡಿದರೆ ಅದು ನಮ್ಮ ಕಾಲೋ ಅಲ್ಲವೋ ತಿಳಿಯುವುದಿಲ್ಲವಲ್ಲ, ಹಾಗೆ ಅವಳ ಇಡೀ ಮೈಗೆ ಆಗಿತ್ತು. ಒಮ್ಮೆ ಒಲೆಯಿಂದ ಸಿಡಿದ ಕೆಂಡ ಪಾದದ ಮೇಲೆ ಕೂತಾಗ ಅದನ್ನು ನೋಡಿ, ಆಮೇಲೆ ಕೊಡವಿದಳು. ಕೆಲಸಕ್ಕೇನೂ ತೊಂದರೆಯಿರಲಿಲ್ಲ. ಕಸ, ಮುಸುರೆ, ಕುರಿಮರಿ, ಹೊಲ ಎಲ್ಲ ನಡೆಯುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ "ಹೂಂ" ಅನ್ನುತ್ತಿದ್ದಳು, ಕಡಿಮೆಯಾಯಿತು ಎಂದರೂ "ಹೂಂ" ಅನ್ನುತ್ತಿದ್ದಳು.

ಸುದ್ದಿ ಕೇಳಿ ಹಟ ಹಿಡಿದವಳು ಅತ್ತೆ ಉಚ್ಚಂಗಮ್ಮ. ಮಂಡಿ ಹಿಡಿದುಹೋಗಿದ್ದ ಮುದುಕಿ ಗೋಡೆ ಹಿಡಿದು ಎದ್ದು ನಿಂತಳು.

"ಗಾಡಿ ಕಟ್ಟು. ಹೋಗಾಣ. ನನ್ನ ಮಗನ್ನೂ ನೋಡಾಣ, ಮನೇನೂ ನೋಡಾಣ."

"ಸುಗ್ಗಿ ಮುಗೀಲಿ ಅವ್ವ."

"ಸುಗ್ಗಿ ಮುಗಿಯೋತನಕ ನಾನಿರಬೇಕಲ್ಲ."

ಹೊಸದುರ್ಗ ದಾಟಿ, ಹೊಳಲ್ಕೆರೆಯ ಛತ್ರದಲ್ಲಿ ತಂಗಿ, ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಅವರು ದುರ್ಗ ಮುಟ್ಟಿದರು. ದಾರಿಯುದ್ದಕ್ಕೂ ಉಚ್ಚಂಗಮ್ಮ ಹಳೆಯ ಮನೆಯ ವಿಚಾರವನ್ನೇ ಆಡಿದಳು. ಯಾವ ಕಂಬ ಯಾವ ಅಜ್ಜ ತಂದದ್ದು, ಯಾವ ತೊಲೆಗೆ ಗೆದ್ದಲು ಹತ್ತಿ ಬೇವಿನೆಣ್ಣೆ ಬಳಿದದ್ದು. ಗಿರಿಯಮ್ಮ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತು, ಹಿಂದಕ್ಕೆ ಓಡುವ ರಸ್ತೆಯನ್ನು ನೋಡುತ್ತಿದ್ದಳು.

ಬಯಲಿನ ಬಾಯಿಗೆ ಬಿದಿರಿನ ಕಮಾನು ಕಟ್ಟಿ ಮಾವಿನ ಸೊಪ್ಪು ಇಳಿಬಿಟ್ಟಿದ್ದರು. ಒಳಗೆ ಹೊಸ ನಮೂನೆಯ ಕಬ್ಬಿಣದ ನೇಗಿಲು, ಬಾವಿಯಿಂದ ನೀರೆತ್ತುವ ಯಂತ್ರ, ಗಾಜಿನ ಬುಡ್ಡಿಯಲ್ಲಿಟ್ಟ ಬಗೆಬಗೆಯ ಕಾಳು. ಜನ ಅವನ್ನು ಒಂದಿಷ್ಟು ನೋಡಿ ಮುಂದೆ ಹೋಗುತ್ತಿದ್ದರು. ಎಲ್ಲರೂ ನುಗ್ಗುತ್ತಿದ್ದದ್ದು ಬಯಲಿನ ಕೊನೆಗೆ, ಬಂಡೆಗಳ ಬುಡಕ್ಕೆ. ಅಲ್ಲಿ ಹಗ್ಗ ಕಟ್ಟಿದ ಆವರಣದೊಳಗೆ ಅವರ ಮನೆ ನಿಂತಿತ್ತು.

ಅದೇ ಬಾಗಿಲುವಾಡ. ಅದೇ ಪಡಸಾಲೆಯ ಕಂಬಗಳು. ಆದರೆ ಹೊಳೆಯ ಕಡೆ, ಮೂಡಲಿಗೆ ನೋಡುತ್ತಿದ್ದ ಬಾಗಿಲು ಇಲ್ಲಿ ಬಡಗಲಿಗೆ ತಿರುಗಿತ್ತು. ಒಂದು ಪಕ್ಕದ ಗೋಡೆಯನ್ನು ಕಟ್ಟಿಯೇ ಇರಲಿಲ್ಲ, ಜನಕ್ಕೆ ಒಳಗಿನದೆಲ್ಲ ಕಾಣಲಿ ಎಂದು. ಒಲೆ, ರಾಗಿ ತುಂಬುವ ವಾಡೆ, ಗೋದಲಿ, ಕಾಟಮ್ಮ ಮಲಗುತ್ತಿದ್ದ ಮೂಲೆ, ಎಲ್ಲವೂ ಬಿಸಿಲಿಗೆ ಬಿದ್ದಿದ್ದವು. ಗುಮಾಸ್ತ ಮುರುಗೇಶಪ್ಪ ಎಂಬಾತ ಬೆತ್ತ ಚಾಚಿ ತೋರಿಸುತ್ತಿದ್ದ.

"ಇದು ಹಿಂದಿನ ಕಾಲದ ಕುರಿ ಸಾಕೋರ ಮನೆ. ಹಿಂದೆಲ್ಲ ಜನ ಹಿಂಗೇ ಬದುಕ್ತಿದ್ರು. ಇದು ಬೀಸುಕಲ್ಲು, ನೋಡ್ರಿ. ಇದು ಒನಕೆ. ಅಲ್ಲಿ ಕುಣಿಮಗ್ಗದಾಗೆ ಕುಂತು ಕಂಬಳಿ ನೇಯ್ತಾ ಇರೋನು ಮನೆ ಯಜಮಾನ."

"ಹಿಂದೆ ಅಂದ್ರೆ ಯಾವಾಗ?" ಎಂದು ಉಚ್ಚಂಗಮ್ಮ ಸೊಸೆಯನ್ನು ಕೇಳಿದಳು.

"ಗೊತ್ತಿಲ್ಲ ಅತ್ತೆ."

ಯಜಮಾನ ಎಂದು ಗುಮಾಸ್ತ ಹೇಳಿದವನು ಸಣ್ಣಪ್ಪ. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. ಅಣ್ಣ, ಅತ್ತಿಗೆ, ಅವ್ವ ಮೂವರೂ ಹಗ್ಗದಾಚೆ ನಿಂತದ್ದನ್ನು ಅವನು ಕಂಡ. ಲಾಳಿ ಒಂದು ಸಲ ನಿಂತಿತು, ಮತ್ತೆ ಓಡಿತು.

"ಯಾವಾಗ ಬಂದ್ರಿ?" ಎಂದ, ಮಗ್ಗದಿಂದ ಕಣ್ಣೆತ್ತದೆ.

"ಈಗ," ಎಂದ ಚಿತ್ರಲಿಂಗಪ್ಪ.

"ಅವ್ವನ ಮಂಡಿ ನೋವು ಹೆಂಗೈತೆ?"

"ಐತೆ."

ಅಷ್ಟರಲ್ಲಿ ಉಚ್ಚಂಗಮ್ಮ ಹಗ್ಗ ಎತ್ತಿ ನುಸುಳಿ ಒಳಗೆ ಹೊರಟಿದ್ದಳು.

"ಏಯ್ ಅಜ್ಜಿ, ಒಳಗೆ ಹೋಗಂಗಿಲ್ಲ!" ಗುಮಾಸ್ತ ಕೂಗಿದ.

"ನಮ್ಮನೆಗೆ ನಾನು ಹೋಗಬಾರ್ದೇನಪ್ಪ?"

ಜನ ನಕ್ಕರು. ಅವಳು ತಿರುಗಿ ನೋಡದೆ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪಡಸಾಲೆಯ ನಡುಗಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದಳು. ಆ ಮನೆಯಲ್ಲಿ ಅವಳು ಸದಾ ಕೂರುತ್ತಿದ್ದದ್ದು ಅಲ್ಲೇ. ಹಿಂದೆ ನೋಡದೆಯೇ ಎಲೆಅಡಿಕೆ ಚೀಲಕ್ಕೆಂದು ಗೋಡೆಯ ಗೂಡಿಗೆ ಕೈ ಹಾಕಿದಳು. ಮರ ಹಳೆಯದಾದರೂ ಗೋಡೆ ಹೊಸದು, ಗೂಡು ಇರಲಿಲ್ಲ. ಅವಳ ಕೈ ಸಪಾಟು ಮಣ್ಣಿನ ಮೇಲೆ ಸ್ವಲ್ಪ ಹೊತ್ತು ಹುಡುಕಾಡಿ ಮಡಿಲಿಗೆ ಮರಳಿತು.

ಗುಮಾಸ್ತ ಅವಳನ್ನು ಎಬ್ಬಿಸಲು ಹೋಗುವಷ್ಟರಲ್ಲಿ ಸಾಹೇಬರು ಬಂದರು. ಜರಿಪೇಟ ಸುತ್ತಿದ್ದ, ಮೆತ್ತಗೆ ಮಾತಾಡುವ ದೊಡ್ಡ ಅಧಿಕಾರಿ. ಆ ಮನೆಯನ್ನು ಅಲ್ಲಿ ನಿಲ್ಲಿಸಬೇಕೆಂದು ಆಸೆಪಟ್ಟವರು ಅವರೇ. ವಿಷಯ ತಿಳಿದು ಅವರ ಮುಖ ಅರಳಿತು.

"ಬೇಡ, ಎಬ್ಬಿಸಬೇಡಿ. ಮನೆಗೊಬ್ಬ ಅಜ್ಜಿ ಬೇಕೇ ಬೇಕಾಗಿತ್ತು. ಎಷ್ಟು ಚೆನ್ನಾಗಿ ಕೂತಿದ್ದಾರೆ ನೋಡಿ." ಆಮೇಲೆ ಬೀಸುಕಲ್ಲಿನ ಕಡೆ ನೋಡಿದರು. ಅಲ್ಲಿ ಕೆಲಸಕ್ಕೆ ಕರೆತಂದ ಹೆಂಗಸೊಬ್ಬಳು ಒಂಟಿಯಾಗಿ ಗೂಟ ಹಿಡಿದಿದ್ದಳು. "ಇನ್ನೊಬ್ಬಳು ಎಲ್ಲಿ?"

"ಮೈಗೆ ಸರಿಯಿಲ್ಲಂತೆ, ಬಂದಿಲ್ಲ ಸ್ವಾಮಿ."

"ಗಿರೀ," ಎಂದು ಉಚ್ಚಂಗಮ್ಮ ಒಳಗಿನಿಂದ ಕೂಗಿದಳು, ಹಳೆಯ ದಿನಗಳಲ್ಲಿ ಕೂಗುತ್ತಿದ್ದ ಹಾಗೆಯೇ. "ಹೊರಗೆ ಯಾಕೆ ನಿಂತಿದ್ದೀಯೇ? ಬಂದು ಕಲ್ಲಿಗೆ ಕೂತ್ಕ. ಪಾಪ ಒಬ್ಬಳೇ ಬೀಸ್ತಾಳೆ."

ಗಿರಿಯಮ್ಮ ಗಂಡನ ಮುಖ ನೋಡಿದಳು. ಅವನು ಬೇರೆ ಕಡೆ ನೋಡುತ್ತಿದ್ದ. ಅವಳು ಹೋದಳು.

ಬಲಗಡೆ ಗಿರಿಯಮ್ಮನ ಜಾಗ; ಅಲ್ಲಿ ಆ ಹೆಂಗಸು ಕೂತಿದ್ದಳು. ಉಳಿದದ್ದು ಎಡಗಡೆ, ಕಾಟಮ್ಮ ಕೂರುತ್ತಿದ್ದ ಜಾಗ. ಗಿರಿಯಮ್ಮ ಅಲ್ಲಿ ಕೂತು ಗೂಟಕ್ಕೆ ಕೈ ಹಚ್ಚಿದಳು. ಕಲ್ಲು ತಿರುಗಿತು. ತೋಳು ತಾನಾಗಿ ಹೋಗಿ ತಾನಾಗಿ ಬಂತು. ಇಲ್ಲಿಂದ ನೋಡಿದರೆ ಬಾಗಿಲು ಎದುರಿಗೇ ಕಾಣುತ್ತದೆ, ಬೆಳಕು ನೇರ ಮುಖಕ್ಕೆ ಬೀಳುತ್ತದೆ. ಆ ಬದಿಯಲ್ಲಿ ಕೂತು ಅವಳು ಎಂದೂ ನೋಡಿರಲಿಲ್ಲ. ತಂಗಿ ದಿನಾ ಬೆಳಿಗ್ಗೆ ನೋಡುತ್ತಿದ್ದದ್ದು ಇದನ್ನು ಎಂದುಕೊಂಡಳು. ಅಂದುಕೊಂಡ ಮೇಲೆ ಏನಾದರೂ ಆಗುತ್ತದೆಯೋ ಎಂದು ಕಾದಳು. ಏನೂ ಆಗಲಿಲ್ಲ. ಹಿಟ್ಟು ಬೀಳುತ್ತಿತ್ತು.

"ಯಾವೂರಕ್ಕ?" ಎದುರಿನವಳು ಸಣ್ಣ ದನಿಯಲ್ಲಿ ಕೇಳಿದಳು.

"ಮತ್ತೋಡಿನ ಕಡೆ."

"ನಾನು ಹಿರಿಯೂರಿನ ಕಡೆಯೋಳು. ಬಸಮ್ಮ ಅಂತ. ಗಂಡ ಹೋದ ಮೇಲೆ ಇಲ್ಲಿಗೆ ಬಂದೆ." ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿದಳು. "ಇದು ನಿಮ್ಮ ಮನೆಯಂತೆ?"

"ಹೂಂ."

"ಇದು ನೀನು ಕೂರೋ ಜಾಗ ಅಂತ ಕಾಣ್ತೈತೆ. ನೀನು ಬಂದು ಮೊದ್ಲು ಇಲ್ಲೇ ನೋಡಿದೆ. ಬಿಟ್ಟುಕೊಡ್ಲಾ?"

"ಬ್ಯಾಡ."

"ತಪ್ಪು ತಿಳ್ಕಬ್ಯಾಡ."

"ಹೂಂ."

ಪೇಟೆಯ ಸಂಸಾರವೊಂದು ಹಗ್ಗದ ಬಳಿ ಬಂದು ನಿಂತಿತು. ತಾಯಿ ಮಕ್ಕಳಿಗೆ ಹಿಂದಿನವರು ಪಡುತ್ತಿದ್ದ ಕಷ್ಟ ವಿವರಿಸುತ್ತಿದ್ದಳು. ಚಿಕ್ಕ ಮಗಳು ಗಿರಿಯಮ್ಮನನ್ನೇ ದಿಟ್ಟಿಸಿ, "ಅಮ್ಮಾ, ಈಯಮ್ಮ ಗೊಂಬೆನಾ?" ಎಂದು ಕೇಳಿದಳು.

"ಥೂ, ಅಲ್ಲ ಕಣೇ. ಕೈ ಆಡ್ತೈತಲ್ಲ."

ಬಸಮ್ಮನಿಗೆ ಸಿಟ್ಟು ಬಂತು. ಗಿರಿಯಮ್ಮನಿಗೆ ಬರಲಿಲ್ಲ. ಮಗು ಕೇಳಿದ್ದು ಸರಿಯಾಗಿಯೇ ಇದೆ ಅನ್ನಿಸಿತು. ಕೈ ಆಡುತ್ತಿತ್ತು, ಅದೂ ನಿಜ.

ಸಂಜೆ ಜನ ಕರಗಿದ ಮೇಲೆ ಚಿತ್ರಲಿಂಗಪ್ಪ ಹಗ್ಗ ದಾಟಿ ಒಳಗೆ ಬಂದ. ಇಡೀ ದಿನ ಅವನು ಹೊರಗೇ ಉಳಿದಿದ್ದ. ಕಂಬಗಳನ್ನು ಕಂಟ್ರಾಕ್ಟರನಿಗೆ ಬಿಟ್ಟುಕೊಟ್ಟವನು ತಾನೇ ಎಂಬುದು ಅವನ ನಾಚಿಕೆ. ಈಗಲೂ ಕಂಬ ಮುಟ್ಟದೆ, ಪಡಸಾಲೆಯ ಅಂಚಿನಲ್ಲಿ ನಿಂತು ತಮ್ಮನಿಗೆ ಹೇಳಿದ:

"ಏಳಪ್ಪ, ಮನೆಗೆ ಹೋಗಾಣ. ಆಗಿದ್ದು ಆತು."

"ನೀವು ಹೋಗ್ರಿ. ನಾನು ಇಲ್ಲೇ ಇರ್ತೀನಿ."

"ಹಿಂಗೆ ಕುಂತು ಜನರ ಕೈಲಿ ನೋಡಿಸ್ಕೊಂಡಾ?"

ಸಣ್ಣಪ್ಪ ಮಗ್ಗದಿಂದ ಎದ್ದ. ಅತ್ತಿಗೆ ಹಿಟ್ಟು ಬಳಿಯುತ್ತಿದ್ದ ಕಡೆ ಬಂದು ಕುಕ್ಕರಗಾಲಲ್ಲಿ ಕೂತ.

"ಅತ್ತಿಗೆ, ನಿಂಗೆ ಹೇಳ್ತೀನಿ. ನಮ್ಮ ಕಂಬ ಕಂಡು ಇಲ್ಲೇ ಕೂಲಿಗೆ ನಿಂತೆ. ಮಗ್ಗದಾಗೆ ಕುಂತ್ರೆ ಬೆನ್ನಿಗೆ ಬೀಸುಕಲ್ಲು ಬರ್ತೈತೆ. ಹಗಲೆಲ್ಲ ಅದರ ಸದ್ದು ಕೇಳ್ತಿರ್ತೀನಿ. ನಾನು ತಿರುಗಿ ನೋಡಲ್ಲ. ನೋಡದಿದ್ರೆ ಎಲ್ಲ ಸರಿಯಾಗೇ ಇರ್ತೈತೆ."

ಗಿರಿಯಮ್ಮ ಹಿಟ್ಟನ್ನು ಮೊರಕ್ಕೆ ಬಳಿದಳು. ಅವನು ಹೇಳಿದ್ದು ಅವಳಿಗೆ ಪೂರ್ತಿ ಅರ್ಥವಾಯಿತು. ಅವನ ಕಣ್ಣು ತುಂಬಿದ್ದನ್ನೂ ಕಂಡಳು. ಅವನಿಗಾದರೂ ಅಳು ಬರುತ್ತಿದೆಯಲ್ಲ ಎಂದುಕೊಂಡಳು.

"ಇವತ್ತು ನೋಡಿಬಿಟ್ಟೆಯಲ್ಲ," ಎಂದಳು.

"ಇವತ್ತು ನೋಡಿಬಿಟ್ಟೆ. ಎಡಗಡೆ ನೀನು ಕುಂತಿದ್ದೆ."

ಚಿತ್ರಲಿಂಗಪ್ಪ ಉಚ್ಚಂಗಮ್ಮನನ್ನು ಎಬ್ಬಿಸಲು ಹೋದಾಗ ಅವಳು ಸೆರಗು ಬಿಗಿದುಕೊಂಡಳು.

"ನಾನೂ ಬರಲ್ಲ. ಸಾಹೇಬ್ರು ಇರು ಅಂದಿದಾರೆ. ನನ್ನ ಕಿರೀಮಗ ಇಲ್ಲೈದಾನೆ."

"ಅವ್ವಾ, ಇದು ಮನೆಯಲ್ಲ, ಆಟ! ಒಂದು ಕಡೆ ಗೋಡೇನೇ ಇಲ್ಲ, ಬಾಗಿಲು ಕೂಡ ತಪ್ಪು ದಿಕ್ಕಿಗೈತೆ."

"ಗೊತ್ತೈತೆ ಕಣೋ. ನಂಗೇನು ಕಣ್ಣಿಲ್ವಾ? ತಪ್ಪು ದಿಕ್ಕಿಗಿಟ್ರೂ ಅದೇ ಬಾಗಿಲು." ಆಮೇಲೆ ಮೆಲ್ಲಗೆ ಹೇಳಿದಳು, "ದಿಬ್ಬದ ಮನೇಲಿ ಕತ್ತಲಾದ್ರೆ ನಂಗೆ ಬಾಗಿಲೆಲ್ಲೈತೆ ಅಂತಾನೇ ತಿಳಿಯಲ್ಲ, ಮಗನೇ. ಗೋಡೆ ತಡಕಾಡ್ಕೊಂಡು ನಿಂತಿರ್ತೀನಿ. ನಿಮ್ಮನ್ನ ಎಬ್ಬಿಸಬಾರ್ದು ಅಂತ ಕೂಗಲ್ಲ."

ಚಿತ್ರಲಿಂಗಪ್ಪ ಒಪ್ಪಿಕೊಂಡ. ಬಯಲಿನ ಹಿಂಭಾಗದಲ್ಲಿ ಕೆಲಸದವರಿಗೆಂದು ಹಾಕಿದ್ದ ಗುಡಿಸಲುಗಳಲ್ಲಿ ಅವ್ವನಿಗೆ ಒಂದು ಚಾಪೆ ಹಾಕಿಸಿ, ಬಸಮ್ಮನಿಗೆ "ಸ್ವಲ್ಪ ನೋಡ್ಕಳವ್ವ" ಎಂದು ಹೇಳಿ, ಮಾರನೆಯ ಬೆಳಿಗ್ಗೆ ಗಾಡಿ ಕಟ್ಟಿದ. ವಾಪಸು ಬರುವಾಗ ಗಾಡಿಯಲ್ಲಿ ಗಂಡಹೆಂಡಿರಿಬ್ಬರೇ.

ಹೊಳಲ್ಕೆರೆ ದಾಟಿದ ಮೇಲೆ ಅವನು, "ಲೇ ಗಿರಿ, ನಾನು ಆ ಕಂಬ ಬಿಟ್ಟುಕೊಡಬಾರ್ದಿತ್ತಾ?" ಎಂದು ಕೇಳಿದ.

"ಗಾಡಿ ಸಾಲ್ತಿರಲಿಲ್ಲ," ಎಂದಳು ಗಿರಿಯಮ್ಮ. ಅದು ನಿಜವೇ ಆಗಿತ್ತು. ಅವನಿಗೆ ಬೇಕಾಗಿದ್ದದ್ದು ಬೇರೆ ಏನೋ ಎಂದು ಅವಳಿಗೆ ತಿಳಿಯಿತು. ಅದನ್ನು ಕೊಡಲು ಅವಳ ಹತ್ತಿರ ಏನೂ ಇರಲಿಲ್ಲ.

ಆ ವರ್ಷದ ಮುಂಗಾರು ಹತ್ತಿರ ಬಂದಾಗ ಸಾಹೇಬರಿಗೆ ಬೇರೆ ಕಡೆ ವರ್ಗವಾಯಿತು. ಮಳೆಗೆ ಆ ಮನೆ ನಿಲ್ಲುವಂತಿರಲಿಲ್ಲ. ಬಂದ ಹೊಸಬರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಬಿಚ್ಚಿ, ಮರವನ್ನೆಲ್ಲ ಯಾವುದೋ ಛತ್ರದ ಚಾವಣಿಗೆ ಸಾಗಿಸಿದರು. ಒಂದು ಮಧ್ಯಾಹ್ನ ಬಾಡಿಗೆ ಗಾಡಿಯೊಂದು ದಿಬ್ಬ ಹತ್ತಿ ಬಂತು. ಅದರಲ್ಲಿ ಉಚ್ಚಂಗಮ್ಮ, ಸಣ್ಣಪ್ಪ, ಜೊತೆಗೆ ಬಸಮ್ಮ.

ಮುದುಕಿ ಇಳಿದು, ಒಳಗೆ ಹೋಗಿ, ಗೋಡೆಗೆ ಒರಗಿ ಕೂತು ನೀರು ಕೇಳಿದಳು. ಆ ಮನೆ ಬಿಚ್ಚಿದ್ದನ್ನು ಅವಳು ಬಾಯಿಬಿಟ್ಟು ಹೇಳಲೇ ಇಲ್ಲ. "ಆ ಸಾಹೇಬ್ರು ಒಳ್ಳೇ ಮನುಷ್ಯ, ದಿನಾ ಎಲೆಅಡಿಕೆ ಕಳಿಸೋರು" ಎಂದಷ್ಟೇ ಯಾರಾದರೂ ಕೇಳಿದರೆ ಹೇಳುತ್ತಿದ್ದಳು.

ಸಣ್ಣಪ್ಪ ಅತ್ತಿಗೆಯ ಮುಂದೆ ಬಂದು ನಿಂತ. ಹೇಳಲು ಬಹಳ ಕಷ್ಟಪಟ್ಟ.

"ಅತ್ತಿಗೆ, ನೀನು ಕಾಟಮ್ಮನ ಅಕ್ಕ. ಅದಕ್ಕೆ ನಿನ್ನೇ ಕೇಳ್ತೀನಿ. ಬಸಮ್ಮನ್ನ ಉಡಿಕೆ ಮಾಡ್ಕಂಡು ಮನೆ ತುಂಬಿಸ್ಕಂತೀನಿ. ನೀನು ಬ್ಯಾಡ ಅಂದ್ರೆ ಬ್ಯಾಡ."

"ಹೂಂ," ಎಂದಳು ಗಿರಿಯಮ್ಮ.

"ಹೂಂ ಅಂದ್ರೆ?"

"ಮಾಡ್ಕೋ."

ಊರ ಹಿರಿಯರ ಮುಂದೆ ಬಸಮ್ಮನಿಗೆ ಹೊಸ ಸೀರೆ ಉಡಿಸಿ, ಎಲ್ಲರಿಗೂ ಎಲೆಅಡಿಕೆ ಹಂಚಿದರು. ಅವಳು ಮನೆಯವಳಾದಳು. ಚುರುಕಿನ ಹೆಂಗಸು, ಬಾಯಿಯೂ ಚುರುಕು. ಗಿರಿಯಮ್ಮ ಅವಳಿಗೆ ಕೆಟ್ಟದ್ದನ್ನೂ ಆಡಲಿಲ್ಲ, ಒಳ್ಳೆಯದನ್ನೂ ಆಡಲಿಲ್ಲ. "ಒಂದಿನ ಬೈದಾದ್ರೂ ಬೈಯಕ್ಕ. ಗೋಡೆ ಜೊತೆ ಬಾಳಿದಂಗಾಗ್ತೈತೆ" ಎಂದು ಬಸಮ್ಮ ಒಮ್ಮೆ ಹೇಳಿದಳು. ಗಿರಿಯಮ್ಮ ಅದಕ್ಕೂ "ಹೂಂ" ಎಂದಳು.

ಮಳೆ ಬಿಟ್ಟು ಒಳ್ಳೆ ಬಿಸಿಲು ಬಿದ್ದ ದಿನ ಗಿರಿಯಮ್ಮ ಹೊಲದಿಂದ ಸೊಪ್ಪು ಕಿತ್ತುಕೊಂಡು ಬಂದಳು. ಹಿತ್ತಲ ಬೇಲಿಯ ಮೇಲೆ ಕೆಂಪಂಚಿನ ಸೀರೆಯೊಂದು ಹರವಿತ್ತು. ಅವಳಿಗೆ ಮೊದಲು ಗುರುತು ಸಿಗಲಿಲ್ಲ. ಆಮೇಲೆ ಸಿಕ್ಕಿತು. ಕಾಟಮ್ಮನದು. ಸತ್ತ ವಾರದಲ್ಲೇ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದು. ಅವಳೇ ಹಾಕಿದ್ದು. ಮತ್ತೆ ಬಿಚ್ಚಿರಲಿಲ್ಲ.

ಬಸಮ್ಮ ಸೀರೆಯ ಮಡಿಕೆ ಬಿಡಿಸುತ್ತಾ, "ಇಲಿ ಉಚ್ಚೆ ಹೊಯ್ದು ನಾರ್ತಿತ್ತಕ್ಕ. ಒಗೆದು ಹಾಕಿದೆ," ಎಂದಳು.

ಗಿರಿಯಮ್ಮ ಸೊಪ್ಪಿನ ಹೊರೆ ಇಳಿಸಿ ಹತ್ತಿರ ಹೋದಳು. ಒದ್ದೆ ಸೀರೆಯ ಸೆರಗನ್ನು ಹಿಡಿದು ಮುಖಕ್ಕೆ ಒತ್ತಿಕೊಂಡಳು. ಒಗೆಯಲು ಹಾಕಿದ ಚೌಳುಮಣ್ಣಿನ ವಾಸನೆ ಬಂತು. ಅದೊಂದೇ ಬಂತು.

"ಯಾರನ್ನ ಕೇಳಿ ಮುಟ್ಟಿದೆ?"

ಆ ದನಿ ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ. ಬಸಮ್ಮ ಬೆಚ್ಚಿ ಹಿಂದೆ ಸರಿದಳು.

"ಯಾರನ್ನ ಕೇಳಿ ಮುಟ್ಟಿದೆಯೇ? ಯಾರನ್ನ ಕೇಳಿ ಒಗೆದೆ? ನಿನ್ನ ಕೈ ಸೇದಿಹೋಗ! ನಿನ್ನ ಬಾಯಿಗೆ ಮಣ್ಣು ಬೀಳ!" ಬೈಗುಳ ಒಂದರ ಹಿಂದೊಂದು ಬಂದವು, ಅವಳು ಎಂದೂ ಆಡದಿದ್ದವು, ಅವಳ ತವರಿನ ಮುದುಕಿಯರು ಆಡುತ್ತಿದ್ದವು. ಬಸಮ್ಮ ತಲೆ ತಗ್ಗಿಸಿ ಕೇಳಿದಳು. ಎಷ್ಟೋ ಕೇಳಿದಳು. "ಗಂಡನ್ನ ನುಂಗಿದೋಳು ನೀನು" ಎಂದಾಗ ಮಾತ್ರ ಅವಳೂ ಸೆಟೆದು ನಿಂತಳು.

"ನನ್ನ ಗಂಡನ್ನ ಪ್ಲೇಗು ನುಂಗ್ತು! ನಾನಲ್ಲ! ನಿನ್ನ ತಂಗೀನ ಯಾರು ನುಂಗಿದ್ರು, ನೀನಾ?"

ಅಕ್ಕಪಕ್ಕದವರು ಓಡಿಬಂದರು. ಚಿತ್ರಲಿಂಗಪ್ಪ ಕೈಯಲ್ಲಿದ್ದ ಹಗ್ಗ ಎಸೆದು ಬಿಡಿಸಲು ಹೊರಟ. ಪಡಸಾಲೆಯಲ್ಲಿ ಕೂತಿದ್ದ ಉಚ್ಚಂಗಮ್ಮ ಅವನ ಪಂಚೆ ಹಿಡಿದು ಜಗ್ಗಿದಳು.

"ಬಿಡೋ. ಬೈಕೊಳ್ಳಲಿ. ಮಧ್ಯ ಹೋಗಬ್ಯಾಡ."

ದನಿ ಬಿದ್ದುಹೋಗುವತನಕ ಗಿರಿಯಮ್ಮ ಬೈದಳು. ಆಮೇಲೆ ಬೇಲಿಯ ಬುಡದಲ್ಲಿ ಕೂತುಬಿಟ್ಟಳು. ಸೀರೆ ಎಳೆಯುವಾಗ ಬೇಲಿಯ ಜಾಲಿಮುಳ್ಳು ಅಂಗೈಗೆ ನಾಟಿತ್ತು. ಅದು ಚುರುಚುರು ಉರಿಯುತ್ತಿತ್ತು. ಅವಳು ಅಂಗೈಯನ್ನು ಬಾಯಿಗಿಟ್ಟುಕೊಂಡು ಹೀರಿದಳು. ರಕ್ತ ಉಪ್ಪುಪ್ಪಾಗಿತ್ತು. ಬಸಮ್ಮ ದೂರದಲ್ಲಿ ಬೆನ್ನು ತಿರುಗಿಸಿಕೊಂಡು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಆ ದಿನದಿಂದ ಎಲ್ಲ ಸರಿಹೋಯಿತೆಂದೇನಲ್ಲ. ಎಷ್ಟೋ ಬೆಳಗು ಗಿರಿಯಮ್ಮ ಮತ್ತೆ ಮೊದಲಿನಂತೆಯೇ ಏಳುತ್ತಿದ್ದಳು, ಮೈ ತನ್ನದಲ್ಲವೆಂಬಂತೆ ಕಸ ಬಳಿಯುತ್ತಿದ್ದಳು. ಸೀರೆಯನ್ನು ಒಣಗಿದ ಮೇಲೆ ಬಸಮ್ಮನೇ ಮಡಿಸಿ ಅವಳ ಹಾಸಿಗೆಯ ಮೇಲೆ ಇಟ್ಟಳು. ಅದು ಅಲ್ಲೇ ಇತ್ತು.

ಜಗಳದ ಮಾರನೆಯ ದಿನ ಇಬ್ಬರೂ ಮಾತಾಡಲಿಲ್ಲ. ಅದರ ಮಾರನೆಯ ದಿನ ಆಡಿದರು. ಸೊಪ್ಪಿಗೆ ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂದು ಮಾತು ಶುರುವಾಯಿತು. ಬೇಡ ಎಂದು ಗಿರಿಯಮ್ಮ ಜೋರಾಗಿಯೇ ಹೇಳಿದಳು. ಬಸಮ್ಮ ಹಾಕಿಯೇ ಹಾಕಿದಳು.